ಹಳದಿ ಮೊದಲೋ, ಹಸಿರು ಮೊದಲೋ? ನೆನಪಿನ ಸೂತ್ರಗಳ ಒಳಗುಟ್ಟು

ಏಳನೇ ಕ್ಲಾಸಿನ ವಿಜ್ಞಾನ ಪರೀಕ್ಷೆ. ಕಾಮನಬಿಲ್ಲಿನ ಬಣ್ಣಗಳನ್ನು ಕ್ರಮವಾಗಿ ಬರೆಯಿರಿ ಅಂತ ಒಂದು ಪ್ರಶ್ನೆ, ಎರಡು ಅಂಕ. ನನಗೆ ಖುಷಿಯೋ ಖುಷಿ. ಮೇಷ್ಟ್ರು ಸೂತ್ರ ಹೇಳಿಕೊಟ್ಟಿದ್ದರು: ಕೆಂಕಿಹಹನೀಊನೇ. ಇಡೀ ಕ್ಲಾಸು ಒಟ್ಟಿಗೆ ಕೂಗಿ ಕೂಗಿ ಬಾಯಿಪಾಠ ಮಾಡಿತ್ತು. ಕೆಂಪು ಬರೆದೆ, ಕಿತ್ತಳೆ ಬರೆದೆ. ಆಮೇಲೆ ಹ. ಅದರ ಮುಂದೆ ಇನ್ನೊಂದು ಹ. ಒಂದು ಹಳದಿ, ಒಂದು ಹಸಿರು. ಆದರೆ ಯಾವ ಹ ಯಾವುದು?

ಪೆನ್ನು ಕಚ್ಚಿಕೊಂಡು ಕೂತೆ. ಸೂತ್ರವನ್ನು ಹತ್ತು ಸಲ ಹೇಳಿಕೊಂಡೆ. ಅದು ಹತ್ತು ಸಲವೂ ಹಹ ಅಂತಲೇ ನಕ್ಕಿತು. ಕೊನೆಗೆ ಹಸಿರು ಮೊದಲು ಬರೆದೆ, ಅಂಕ ಹೋಯಿತು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಇವತ್ತು ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಎಫ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿರುವ ಯಾರದಾದರೂ ನೋಟ್‌ಬುಕ್ ತೆಗೆದು ನೋಡಿ. ಪುಟದ ಅಂಚಿನ ತುಂಬಾ ಇಂಥ ಕೋಡ್ ವರ್ಡುಗಳೇ. ನದಿಗಳಿಗೊಂದು, ರಾಜವಂಶಗಳಿಗೊಂದು, ವಿಟಮಿನ್‌ಗಳಿಗೊಂದು. ಕೆಲವು ಆಯಾ ಜನರ ಕೈಹಿಡಿಯುತ್ತವೆ. ಕೆಲವು ಸರಿಯಾದ ಹೊತ್ತಿಗೆ ಹಹ ಅಂತ ನಗುತ್ತವೆ. ಯಾಕೆ ಹೀಗೆ?

ನಾನು ಕಂಡುಕೊಂಡಿದ್ದು ಇಷ್ಟು. ನೆನಪಿನ ಸೂತ್ರ ಮಾಡಬೇಕಾದ ಕೆಲಸ ಎರಡು. ಒಂದು, ವಿಷಯವನ್ನು ನಾಲಿಗೆ ತುದಿಗೆ ತರುವುದು. ಇನ್ನೊಂದು, ನಾವು ತಪ್ಪು ತಂದಾಗ ತಡೆದು ನಿಲ್ಲಿಸುವುದು. ಮೊದಲನೆಯದನ್ನು ಎಂಥ ಸೂತ್ರವೂ ಅಷ್ಟಿಷ್ಟು ಮಾಡುತ್ತೆ. ಎರಡನೆಯದನ್ನು ಮಾಡುವಂಥವು ಕಮ್ಮಿ. ನಿಮ್ಮ ಆಧಾರ್ ನಂಬರಿನ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಬರೀ ಕಾವಲಿಗೆ ಇರುವುದು. ಮೊದಲ ಹನ್ನೊಂದು ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಇಟ್ಟಿರುತ್ತಾರೆ. ಒಂದು ಅಂಕಿ ತಪ್ಪಾಗಿ ಒತ್ತಿದರೆ ಲೆಕ್ಕ ತಾಳೆಯಾಗದೆ ಕಂಪ್ಯೂಟರು ಅಲ್ಲೇ ಹಿಡಿಯುತ್ತದೆ. ಒಳ್ಳೆಯ ಸೂತ್ರದಲ್ಲೂ ಇಂಥದೊಂದು ಕಾವಲು ಇರುತ್ತದೆ. ಕೆಂಕಿಹಹದಲ್ಲಿ ಇರಲಿಲ್ಲ.

ಕಾವಲು ಇರುವ ಸೂತ್ರ ಹೇಗಿರುತ್ತೆ ಅಂತ ನೋಡಲು ದೂರ ಹೋಗಬೇಕಿಲ್ಲ. ಹೈಸ್ಕೂಲಿನ ಕನ್ನಡ ವ್ಯಾಕರಣ ಸಾಕು. ಛಂದಸ್ಸಿನ ಪಾಠದಲ್ಲಿ ಮೂರಕ್ಷರದ ಎಂಟು ಗಣಗಳು ಬರುತ್ತಿದ್ದವು, ನೆನಪಿದೆಯಾ? ಒಂದು ಮಾತ್ರೆ ಹೊತ್ತು ಹಿಡಿಯುವ ಅಕ್ಷರ ಲಘು, ಎರಡು ಮಾತ್ರೆ ಹಿಡಿಯುವುದು ಗುರು. ದೀರ್ಘ ಇದ್ದರೆ, ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಇದ್ದರೆ ಅದು ಗುರು. ಮೂರು ಅಕ್ಷರಗಳಲ್ಲಿ ಗುರು ಲಘುಗಳನ್ನು ಎಂಟು ಥರ ಜೋಡಿಸಬಹುದು. ಆ ಎಂಟಕ್ಕೆ ಎಂಟು ಹೆಸರು. ಅವನ್ನು ನೆನಪಿಡಲು ಒಂದು ಹಳೆಯ ಪದ್ಯ:

ಗುರು ಲಘು ಮೂರಿರೆ ಮ-ನ ಗಣ
ಗುರು ಲಘು ಮೊದಲಲ್ಲಿ ಬರಲು ಭ-ಯ ಗಣಮೆಂಬರ್
ಗುರು ಲಘು ನಡುವಿರೆ ಜ-ರ ಗಣ
ಗುರು ಲಘು ಕೊನೆಯಲ್ಲಿ ಬರಲು ಸ-ತ ಗಣಮಕ್ಕುಂ

ಮೂರೂ ಗುರುವಾದರೆ ಮ ಗಣ, ಮೂರೂ ಲಘುವಾದರೆ ನ ಗಣ. ಗುರು ಮೊದಲಿದ್ದರೆ ಭ, ಲಘು ಮೊದಲಿದ್ದರೆ ಯ. ಹೀಗೇ ನಡುವೆ, ಹೀಗೇ ಕೊನೆಗೆ. ಎಂಟು ನಿಯಮ, ನಾಲ್ಕು ಸಾಲು.

ಈಗ ಮಾತ್ರೆ ಎಣಿಸಿ ನೋಡಿ. ಮೊದಲ ಸಾಲು ಹನ್ನೆರಡು, ಎರಡನೆಯದು ಇಪ್ಪತ್ತು, ಮೂರನೆಯದು ಹನ್ನೆರಡು, ನಾಲ್ಕನೆಯದು ಇಪ್ಪತ್ತು. ಇದು ಅಪ್ಪಟ ಕಂದಪದ್ಯ. ಎಲ್ಲ ಸಾಲಿನ ಎರಡನೇ ಅಕ್ಷರವೂ ರು, ಅಂದರೆ ಆದಿಪ್ರಾಸವೂ ಇದೆ. ಒಂದು ಪದ ಮರೆತು ಬಿಟ್ಟರೆ ಸಾಲು ಕುಂಟುತ್ತದೆ. ಹೆಚ್ಚಿಗೆ ಸೇರಿಸಿದರೆ ತುಂಬಿ ಚೆಲ್ಲುತ್ತದೆ. ರಾಗವಾಗಿ ಹೇಳುತ್ತಿದ್ದವರಿಗೆ ಇದು ಎಣಿಸದೆಯೇ ಗೊತ್ತಾಗುತ್ತೆ. ಕಾವಲು ಅಂದದ್ದು ಇದಕ್ಕೆ.

ಆದರೆ ಒಂದು ಮಾತು ಒಪ್ಪಬೇಕು. ಈ ಕಾವಲಿಗೂ ಒಂದು ಕಳ್ಳದಾರಿ ಇದೆ. ಭ-ಯ ಇರುವ ಕಡೆ ಜ-ರ ಹಾಕಿ, ಜ-ರ ಇರುವ ಕಡೆ ಭ-ಯ ಹಾಕಿ ಹೇಳಿ. ಮಾತ್ರೆ ಒಂದಿಷ್ಟೂ ಏರುಪೇರಾಗಲ್ಲ, ಎಲ್ಲವೂ ಎರಡೆರಡು ಲಘುವೇ. ತಪ್ಪು ಸಲೀಸಾಗಿ ಒಳಗೆ ನುಗ್ಗುತ್ತದೆ. ನನ್ನ ಜೊತೆ ಓದುತ್ತಿದ್ದ ಒಬ್ಬ ಇದಕ್ಕೊಂದು ಉಪಾಯ ಹುಡುಕಿದ್ದ. ಆ ಜೋಡಿಗಳನ್ನು ಸುಮ್ನೆ ಪದಗಳ ಹಾಗೆ ಓದು ಅಂದ. ಮನ, ಭಯ, ಜರ, ಸತ. ಮನಸ್ಸಿಗೆ ಭಯ ಹೊಕ್ಕಿತು, ಭಯಕ್ಕೆ ಜರ ಬಂತು, ಜರ ಬಂದವನು ಸತ್ತ. ಹಳ್ಳಿಯ ಕಡೆ ಜ್ವರಕ್ಕೆ ಜರ ಅಂತಲೇ ಅನ್ನುವುದು. ಈ ಕಥೆಯನ್ನು ಹಿಂದುಮುಂದು ಮಾಡಲು ಆಗಲ್ಲ. ಸತ್ತ ಮೇಲೆ ಜರ ಬರುವುದುಂಟೇ? ಪದ್ಯ ಉದ್ದವನ್ನು ಕಾಯುತ್ತೆ, ಕಥೆ ಕ್ರಮವನ್ನು ಕಾಯುತ್ತೆ. ಇಬ್ಬರು ಕಾವಲುಗಾರರು.

ಅದೇ ಪಾಠದಲ್ಲಿ ಖ್ಯಾತ ಕರ್ನಾಟಕ ವೃತ್ತಗಳ, ಅಂದರೆ ಕನ್ನಡ ಕಾವ್ಯದಲ್ಲಿ ಹೆಸರಾದ ಛಂದಸ್ಸುಗಳ, ಪದ್ಯವೂ ಇತ್ತು. ‘ಗುರುವೊಂದಾದಿಯೊಳುತ್ಪಲಂ’ ಅಂತ ಶುರುವಾಗುತ್ತದೆ. ಶುರುವಿನಲ್ಲಿ ಎಷ್ಟು ಗುರು, ಎಷ್ಟು ಲಘು ಇದ್ದರೆ ಯಾವ ವೃತ್ತ ಅಂತ ಹೇಳುವ ಪದ್ಯ ಅದು. ಎರಡು ಲಘು, ಆಮೇಲೆ ಎರಡು ಗುರು ಬಂದರೆ ಮತ್ತೇಭ ಅನ್ನುತ್ತೆ. ಈಗ ಆ ಪದ್ಯದ ಮೊದಲ ನಾಲ್ಕು ಅಕ್ಷರವನ್ನೇ ನೋಡಿ: ಗು, ರು, ವೊಂ, ದಾ. ಲಘು ಲಘು ಗುರು ಗುರು. ಪದ್ಯ ಇರುವುದೇ ಮತ್ತೇಭದಲ್ಲಿ! ಪರೀಕ್ಷೆಯಲ್ಲಿ ಮತ್ತೇಭದ ಲಕ್ಷಣ ಮರೆತರೆ ಪದ್ಯಕ್ಕೇ ಪ್ರಸ್ತಾರ ಹಾಕಿದರೆ, ಅಂದರೆ ಗುರು ಲಘು ಗುರುತು ಮಾಡಿದರೆ, ಆಯಿತು. ಇದನ್ನು ಕಂಡ ದಿನ ನನಗೆ ಆದ ಸಂತೋಷ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಬಿಡಿ.

ಇನ್ನೊಂದು ಇದೆ, ಇವೆಲ್ಲಕ್ಕಿಂತ ಚಿಕ್ಕದು. ಯಮಾತಾರಾಜಭಾನಸಲಗಂ. ಹತ್ತು ಅಕ್ಷರದ, ಅರ್ಥವೇ ಇಲ್ಲದ ಒಂದು ಪದ. ಯಗಣ ಹೇಗಿರುತ್ತೆ ಅಂತ ಬೇಕಾ? ಯ ಹುಡುಕಿ, ಅಲ್ಲಿಂದ ಮೂರು ಅಕ್ಷರ ಓದಿ. ಯಮಾತಾ: ಲಘು, ಗುರು, ಗುರು. ಅದೇ ಯಗಣ. ರಗಣ ಬೇಕಾ? ರಾಜಭಾ: ಗುರು, ಲಘು, ಗುರು. ನಗಣ? ನಸಲ, ಮೂರೂ ಲಘು. ಎಂಟು ಗಣಕ್ಕೆ ಮೂರು ಮೂರರಂತೆ ಇಪ್ಪತ್ನಾಲ್ಕು ಅಕ್ಷರ ಬೇಕಿತ್ತು, ಹತ್ತರಲ್ಲಿ ಮುಗಿದಿದೆ. ಕೊನೆಯ ಎರಡು ಅಕ್ಷರ, ಲ ಮತ್ತು ಗಂ, ಲಘು-ಗುರು. ಮೊದಲ ಎರಡು, ಯ ಮತ್ತು ಮಾ, ಅವೂ ಲಘು-ಗುರುವೇ. ಆದ್ದರಿಂದ ತಲೆಯನ್ನೂ ಬಾಲವನ್ನೂ ಒಂದರ ಮೇಲೊಂದು ಕೂರಿಸಿ ಎಂಟೇ ಮಣಿಯ ಸರ ಮಾಡಬಹುದು. ಎಲ್ಲಿಂದ ಮೂರು ಮಣಿ ಎಣಿಸಿದರೂ ಬೇರೆ ಬೇರೆ ಗಣ. ಇಂಥ ಸರಗಳಿಗೆ ಗಣಿತದವರು ಈಗ ಡಿ ಬ್ರೂಯಿನ್ ಸರಣಿ ಅನ್ನುತ್ತಾರೆ. ನೆದರ್ಲೆಂಡ್ಸ್‌ನ ಗಣಿತಜ್ಞ ನಿಕೊಲಾಸ್ ಡಿ ಬ್ರೂಯಿನ್ 1946ರಲ್ಲಿ ಬರೆದ ಪ್ರಬಂಧದಿಂದ ಆ ಹೆಸರು ಬಂತು. ಕಂಪ್ಯೂಟರ್ ಓದುವವರು ಕಾಲೇಜಿನಲ್ಲಿ ಇದನ್ನು ಕಲಿಯುತ್ತಾರೆ.

ಇಲ್ಲಿ ಅಕ್ಷರ ಬರೀ ಚೀಟಿ ಅಲ್ಲ ಅನ್ನುವುದನ್ನು ಗಮನಿಸಿ. ‘ಕೆಂ’ ಅಂದರೆ ಕೆಂಪು ಅಂತ ನೀವು ಬೇರೆಯಾಗಿ ನೆನಪಿಡಬೇಕು. ‘ಯಮಾತಾ’ ಹಾಗಲ್ಲ. ಅದನ್ನು ಬಾಯಲ್ಲಿ ಹೇಳಿದರೆ ಉತ್ತರವೇ ಕಿವಿಗೆ ಬೀಳುತ್ತದೆ.

ಪ್ರಾಸ, ಲಯ ಯಾಕೆ ಇಷ್ಟು ಸಹಾಯ ಮಾಡುತ್ತವೆ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಈ ವಿಷಯವನ್ನು ಮೊದಲು ಅಳತೆಗೆ ತಂದವರು. ಅರ್ಥವಿಲ್ಲದ ಪುಟ್ಟ ಪುಟ್ಟ ಉಚ್ಚಾರಗಳ ಪಟ್ಟಿ ಮಾಡಿ, ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಅಂತ ಬರೆದಿಟ್ಟರು. 1885ರಲ್ಲಿ ಪುಸ್ತಕ ಬಂತು. ಹೋಲಿಕೆಗೆ ಅಂತ ಬೈರನ್ ಕವಿಯ ಪದ್ಯಗಳನ್ನೂ ಕಲಿತರು. ಅಷ್ಟೇ ಉದ್ದದ ಪದ್ಯ ಕಲಿಯಲು ಅವರಿಗೆ ಹಿಡಿದದ್ದು ಅರ್ಥವಿಲ್ಲದ ಪಟ್ಟಿಗೆ ಹಿಡಿದ ಶ್ರಮದ ಸುಮಾರು ಹತ್ತನೇ ಒಂದು ಪಾಲು. ಕಾರಣ ಊಹಿಸುವುದು ಕಷ್ಟವಿಲ್ಲ. ಪಟ್ಟಿಯಲ್ಲಿ ಮುಂದಿನ ಪದ ಏನು ಬೇಕಾದರೂ ಆಗಬಹುದು. ಪದ್ಯದಲ್ಲಿ ಅರ್ಥಕ್ಕೆ ಹೊಂದಬೇಕು, ಲಯಕ್ಕೆ ಹೊಂದಬೇಕು, ಪ್ರಾಸಕ್ಕೂ ಹೊಂದಬೇಕು. ಮೂರು ಜರಡಿ ಹಿಡಿದ ಮೇಲೆ ಉಳಿಯುವುದು ಒಂದೋ ಎರಡೋ ಪದ.

ಮಳೆ ನಕ್ಷತ್ರದ ಗಾದೆಗಳಲ್ಲಿ ಇದನ್ನು ಬರಿಗಣ್ಣಿಗೆ ನೋಡಬಹುದು. ‘ಭರಣಿ ಮಳೆ ಬಂದರೆ ಧರಣಿ ಬೆಳೆದೀತು’ ಅಂತ ಒಂದೂರಲ್ಲಿ. ‘ಭರಣಿ ಸುರಿದರೆ ಧರಣಿಯೆಲ್ಲ ಬೆಳೆ’ ಅಂತ ಇನ್ನೊಂದೂರಲ್ಲಿ. ನಡುವಿನ ಮಾತು ಊರಿಂದೂರಿಗೆ ಬದಲಾಗುತ್ತೆ. ಭರಣಿ-ಧರಣಿ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲ್ಲ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅನ್ನುವಲ್ಲಿ ಮಘೆಯ ಪಕ್ಕ ಮಗನನ್ನು ಕೂರಿಸಿದ್ದಾರೆ. ಭರಣಿ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದ ತನಕ, ಮಘೆ ಆಗಸ್ಟ್ ನಡುವಿನಿಂದ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಇಪ್ಪತ್ತೇಳು ನಕ್ಷತ್ರದಲ್ಲಿ ಯಾವ ಮಳೆ ಹದ, ಯಾವ ಮಳೆ ಕಾಟ ಅನ್ನುವ ಲೆಕ್ಕವನ್ನು ಅಕ್ಷರ ಬಾರದವರು ಪ್ರಾಸದ ಮೊಳೆಗೆ ನೇತುಹಾಕಿ ಕಾಪಾಡಿಕೊಂಡು ಬಂದರು.

ಲಯಕ್ಕೆ ಒಂದು ದೌರ್ಬಲ್ಯ ಮಾತ್ರ ಇದೆ. ಅದು ಸರಪಳಿ. ಮಗ್ಗಿ ಹೇಳುವಾಗ ನೋಡಿ: ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಅಂತ ರೈಲು ಓಡಿದ ಹಾಗೆ ಓಡುತ್ತೆ. ನಡುವೆ ನಿಲ್ಲಿಸಿ ಏಳೆಂಟ್ಲ ಎಷ್ಟು ಅಂತ ಕೇಳಿದರೆ ಎಷ್ಟೋ ಮಕ್ಕಳು ಮತ್ತೆ ಏಳೊಂದ್ಲದಿಂದ ಶುರು ಮಾಡುತ್ತಾರೆ. ಹಾಗಾಗಿ ಕ್ರಮವೇ ಮುಖ್ಯವಾದ ವಿಷಯಕ್ಕೆ ಪದ್ಯ ಸರಿ. ತಟ್ಟನೆ ಒಂದೇ ಒಂದು ಅಂಕಿ ಬೇಕಾದಾಗ ಅಲ್ಲ.

ಇಸವಿಗಳ ಗೋಳು ಅದೇ. 1336, 1565 ಇವಕ್ಕೆ ಮುಖವೂ ಇಲ್ಲ, ಮೂಗೂ ಇಲ್ಲ. ಎಲ್ಲ ಇಸವಿಯೂ ಒಂದೇ ಥರ ಕಾಣುತ್ತೆ. ಇದಕ್ಕೆ ನಮ್ಮಲ್ಲಿ ಹಳೆಯ ಮದ್ದೊಂದಿದೆ, ಕಟಪಯಾದಿ. ವರ್ಣಮಾಲೆಯ ವ್ಯಂಜನಗಳನ್ನೇ ಅಂಕಿ ಮಾಡುವುದು. ಕ ಒಂದು, ಖ ಎರಡು, ಹೀಗೆ ಝ ತನಕ ಒಂಬತ್ತು, ಞ ಸೊನ್ನೆ. ಮತ್ತೆ ಟ ಒಂದು, ಠ ಎರಡು, ಧ ತನಕ ಒಂಬತ್ತು, ನ ಸೊನ್ನೆ. ಪ ಒಂದರಿಂದ ಮ ಐದು. ಯ ಒಂದರಿಂದ ಹ ಎಂಟು. ಇದನ್ನು ನೆನಪಿಡಲೂ ಒಂದು ಸೂತ್ರ: ಕಾದಿ ನವ, ಟಾದಿ ನವ, ಪಾದಿ ಪಂಚ, ಯಾದ್ಯಷ್ಟೌ. ಒತ್ತಕ್ಷರವಿದ್ದರೆ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ಸ್ವರಕ್ಕೆ ಬೆಲೆ ಇಲ್ಲ, ಕಾ ಆದರೂ ಕಿ ಆದರೂ ಒಂದೇ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಸಂಗೀತ ಕಲಿತವರಿಗೆ ಇದು ಗೊತ್ತಿರುತ್ತೆ. ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಕರ್ತಗಳ ಹೆಸರಿನ ಮೊದಲ ಎರಡು ಅಕ್ಷರವೇ ಅದರ ಕ್ರಮಸಂಖ್ಯೆ, ಒತ್ತಕ್ಷರದ ಕೆಲವು ಹೆಸರು ಮಾತ್ರ ಈ ನಿಯಮಕ್ಕೆ ಬಗ್ಗಲ್ಲ. ಮಾಯಾಮಾಳವಗೌಳ: ಮ ಐದು, ಯ ಒಂದು. ತಿರುಗಿಸಿದರೆ 15. ಕಲ್ಯಾಣಿ 65ನೆಯ ಮೇಳ, ಆದರೆ ‘ಕಲ್ಯಾ’ ಅಂತ ಲೆಕ್ಕ ಹಾಕಿದರೆ 65 ಬರಲ್ಲ. ಅದಕ್ಕೇ ಮುಂದೆ ‘ಮೇಚ’ ಸೇರಿಸಿ ಮೇಚಕಲ್ಯಾಣಿ ಮಾಡಿದರು. ಶಂಕರಾಭರಣ 29, ಹಾಗಾಗಿ ಧೀರಶಂಕರಾಭರಣ. ತೋಡಿ 8, ಹಾಗಾಗಿ ಹನುಮತೋಡಿ. ಹನುಮಂತನಿಗೂ ತೋಡಿಗೂ ಏನು ಸಂಬಂಧ ಅಂತ ತಲೆ ಕೆರೆದುಕೊಂಡವರಿಗೆ ಉತ್ತರ: ಹ ಎಂಟು, ನ ಸೊನ್ನೆ, ತಿರುಗಿಸಿದರೆ 08.

ಇದನ್ನು ಸಂಗೀತಕ್ಕೇ ಬಿಟ್ಟುಕೊಡಬೇಕಾಗಿಲ್ಲ. ನಾನು ಇಸವಿಗಳಿಗೆ ಬಳಸುತ್ತೇನೆ. ವಿಜಯನಗರ ಶುರುವಾದದ್ದು 1336. ತಿರುಗಿಸಿದರೆ 6, 3, 3, 1. ತ ಆರು, ಲ ಮೂರು, ಗ ಮೂರು, ಟ ಒಂದು. ‘ತಲೆ ಗಟ್ಟಿ’. ಹಕ್ಕ ಬುಕ್ಕರ ತಲೆ ಗಟ್ಟಿ ಇತ್ತು, ಸಾಮ್ರಾಜ್ಯ ಕಟ್ಟಿದರು. ರಕ್ಕಸತಂಗಡಿ ಯುದ್ಧ 1565. ತಿರುಗಿಸಿದರೆ 5, 6, 5, 1. ಮ ಐದು, ತ ಆರು, ಮ ಐದು, ಯ ಒಂದು. ‘ಮಾತೇ ಮಾಯ’. ಅಳಿಯ ರಾಮರಾಯ ಬಿದ್ದ ಸುದ್ದಿ ಬಂದಾಗ ಹಂಪೆಯಲ್ಲಿ ಮಾತೇ ಮಾಯವಾಯಿತು. ಕರ್ನಾಟಕ ಏಕೀಕರಣ 1956: ‘ತಮ್ಮಾ, ಧೈರ್ಯ!’ ತ ಆರು, ಮ್ಮ ಐದು, ಧ ಒಂಬತ್ತು, ರ್ಯದಲ್ಲಿ ಯ ಒಂದು. ಒಂದು ಸಂಜೆ ಕೂತರೆ ಇಂಥವು ಹತ್ತು ಹುಟ್ಟುತ್ತವೆ. ಚಟ ಹತ್ತಿದರೆ ಬಸ್ಸಿನ ನಂಬರ್ ಪ್ಲೇಟನ್ನೂ ಬಿಡಲ್ಲ.

ಇಲ್ಲಿ ಕಾವಲು ಯಾವುದು? ಅರ್ಥ. ‘ತಲೆ ಗಟ್ಟಿ’ ಅನ್ನುವುದು ‘ತಲೆ ಗತ್ತಿ’ ಆಗಿ ಬಾಯಿಗೆ ಬಂದರೆ, ಹಾಗೊಂದು ಮಾತೇ ಇಲ್ಲವಲ್ಲ ಅಂತ ಕನ್ನಡ ಬಲ್ಲ ಕಿವಿ ತಾನೇ ತಿದ್ದುತ್ತೆ. ಇಸವಿಗೆ ಆ ಭಾಗ್ಯ ಇಲ್ಲ. 1336 ಹೋಗಿ 1363 ಆದರೆ ಯಾರಿಗೂ ಗೊತ್ತಾಗಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸೂತ್ರ. ಸೂರ್ಯನಿಂದ ಗ್ರಹಗಳ ಕ್ರಮ ಹೇಳಿ ಅಂದರೆ ಸಾಮಾನ್ಯವಾಗಿ ‘ಬುಶುಭೂಮಂಗುಶಯುನೆ’ ಅಂತ ಇನ್ನೊಂದು ಕೆಂಕಿಹಹ ಮಾಡುತ್ತೇವೆ. ಬೇಡ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಬುಧವಾರದಿಂದ ಶುರು ಮಾಡಿ, ದಿನ ಬಿಟ್ಟು ದಿನ ಹೇಳುತ್ತಾ ಹೋಗಿ. ಬುಧ. ಗುರುವಾರ ಬಿಡಿ, ಶುಕ್ರ. ಶನಿವಾರ ಬಿಡಿ, ಭಾನು. ಸೋಮವಾರ ಬಿಡಿ, ಮಂಗಳ. ಬುಧವಾರ ಬಿಡಿ, ಗುರು. ಶುಕ್ರವಾರ ಬಿಡಿ, ಶನಿ. ಭಾನು ಇದ್ದ ಕಡೆ ಭೂಮಿ ಹಾಕಿಕೊಳ್ಳಿ, ಎರಡೂ ಭಕಾರವೇ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ. ಮುಗಿಯಿತು! ಯುರೇನಸ್ ಕಂಡದ್ದು 1781ರಲ್ಲಿ, ನೆಪ್ಚೂನ್ 1846ರಲ್ಲಿ. ವಾರಗಳಿಗೆ ಹೆಸರಿಟ್ಟು ಎಷ್ಟೋ ಶತಮಾನ ಆದ ಮೇಲೆ ಬಂದವು, ಆದ್ದರಿಂದ ಅವೆರಡೂ ಕೊನೆಗೆ ನಿಲ್ಲುತ್ತವೆ.

ಇದು ಕಾಕತಾಳೀಯ ಅಲ್ಲ. ಹಿಂದಿನವರು ಭೂಮಿಯನ್ನು ನಡುವೆ ಇಟ್ಟು, ಆಕಾಶದಲ್ಲಿ ಒಂದು ಸುತ್ತು ಹಾಕಲು ಯಾರಿಗೆ ಎಷ್ಟು ಕಾಲ ಬೇಕು ಅಂತ ನೋಡಿ ಸಾಲು ಮಾಡಿದ್ದರು. ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ, ಗುರುವಿಗೆ ಸುಮಾರು ಹನ್ನೆರಡು, ಮಂಗಳನಿಗೆ ಸುಮಾರು ಎರಡು, ರವಿಗೆ ಒಂದು ವರ್ಷ. ಆಮೇಲೆ ಶುಕ್ರ, ಬುಧ, ಕೊನೆಗೆ ಇಪ್ಪತ್ತೇಳು ದಿನದ ಚಂದ್ರ. ಶನಿ ನಿಧಾನಕ್ಕೆ ಹೋಗುವುದರಿಂದ ದೂರ ಇದ್ದಾನೆ ಅಂತ ಅವರ ಲೆಕ್ಕ, ಅದು ಸರಿಯೂ ಇತ್ತು. ದಿನದ ಒಂದೊಂದು ಗಂಟೆಯನ್ನು, ಅಂದರೆ ಹೋರೆಯನ್ನು, ಇದೇ ಸಾಲಿನಲ್ಲಿ ಒಬ್ಬೊಬ್ಬರಿಗೆ ಹಂಚಿದರು. ಮೊದಲ ಹೋರೆಯ ಯಜಮಾನನ ಹೆಸರೇ ಆ ದಿನಕ್ಕೆ. ಶನಿವಾರದ ಮೊದಲ ಹೋರೆ ಶನಿಯದು. ಏಳು ಜನಕ್ಕೆ ಇಪ್ಪತ್ನಾಲ್ಕು ಗಂಟೆ ಹಂಚಿದರೆ ಮೂರು ಸುತ್ತು ಮುಗಿದು ಮೂರು ಗಂಟೆ ಉಳಿಯುತ್ತೆ. ಅವು ಶನಿ, ಗುರು, ಮಂಗಳರಿಗೆ. ಮರುದಿನದ ಮೊದಲ ಹೋರೆ ರವಿಗೆ ಬಂತು, ಭಾನುವಾರ ಆಯಿತು. ಅಲ್ಲಿಂದ ಇನ್ನೂ ಮೂರು ಮುಂದೆ ಹೋದರೆ ಚಂದ್ರ, ಸೋಮವಾರ. ಗ್ರಹಗಳ ಸಾಲನ್ನು ಹೀಗೆ ಹಾರಿಸಿ ಹಾರಿಸಿ ವಾರ ಮಾಡಿದ್ದಾರೆ. ವಾರವನ್ನು ದಿನ ಬಿಟ್ಟು ದಿನ ಓದಿದರೆ ಮತ್ತೆ ಆ ಸಾಲೇ, ಕೊನೆಯಿಂದ ಮೊದಲಿಗೆ, ಸಿಗುತ್ತೆ. ಭೂಮಿ ನಡುವೆ ಇದ್ದ ಚಿತ್ರದಲ್ಲಿ ರವಿ ನಿಂತಿದ್ದ ಜಾಗದಲ್ಲಿ, ಸೂರ್ಯ ನಡುವೆ ಬಂದ ಚಿತ್ರದಲ್ಲಿ ಭೂಮಿ ನಿಂತಿತು, ಅಷ್ಟೇ.

ಒಮ್ಮೆ ಹೀಗೆ ಕಾರಣ ತಿಳಿದರೆ ಸೂತ್ರ ಮರೆಯುವುದೇ ಕಷ್ಟ. ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು. ಇದೇ ಅತಿ ಗಟ್ಟಿ ಕಾವಲು. ಕಾಮನಬಿಲ್ಲಿಗೂ ಇಂಥ ಒಂದು ಕಾರಣ ಚಿತ್ರಕಲೆ ಪೀರಿಯಡ್‌ನಲ್ಲೇ ಇತ್ತು, ನನಗೆ ಹೊಳೆದಿರಲಿಲ್ಲ. ಬಣ್ಣದ ಡಬ್ಬಿಯಲ್ಲಿ ಕೆಂಪಿಗೆ ಹಳದಿ ಕಲಸಿದರೆ ಕಿತ್ತಳೆ. ಹಾಗಾದರೆ ಕಿತ್ತಳೆ ಆ ಎರಡರ ನಡುವೆ ಇರಬೇಕು. ಹಳದಿಗೆ ನೀಲಿ ಕಲಸಿದರೆ ಹಸಿರು. ಹಸಿರು ಆ ಎರಡರ ನಡುವೆ ಇರಬೇಕು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಬೆಳಕಿನ ಬಣ್ಣ ಬೆರೆಯುವ ರೀತಿಯೇ ಬೇರೆ, ಅದು ನಿಜ. ಆದರೆ ಕ್ರಮ ನೆನಪಿಡಲು ನೀರಿನ ಬಣ್ಣದ ಡಬ್ಬಿ ಸಾಕು. ಹಹ ನಗುವುದು ನಿಂತಿತು.

ಕಾರಣವೂ ಇಲ್ಲ, ಪ್ರಾಸವೂ ಹುಟ್ಟುತ್ತಿಲ್ಲ ಅನ್ನುವಂಥ ಪಟ್ಟಿಗಳಿಗೆ ಮನೆಯನ್ನೇ ಬಳಸಿ. ಗ್ರೀಕರ ಕಾಲದಿಂದ ಬಂದ ದಾರಿ ಇದು. ಪರಿಚಿತ ಜಾಗದಲ್ಲಿ ನಡೆಯುತ್ತಾ ಒಂದೊಂದು ಕಡೆ ಒಂದೊಂದು ಚಿತ್ರ ಇಡುವುದು. ಕನ್ನಡ ನಾಡಿನ ರಾಜವಂಶಗಳನ್ನು ನಮ್ಮೂರ ಮನೆಯಲ್ಲಿ ನಾನು ಹೀಗೆ ಇಟ್ಟಿದ್ದೇನೆ. ತಲೆಬಾಗಿಲಲ್ಲಿ ಕಡಬು ತೂಗುತ್ತಿದೆ, ಕದಂಬ. ಜಗಲಿಯ ಮೇಲೆ ನೀರಿನ ಬಿಂದಿಗೆ, ಗಂಗ. ಪಡಸಾಲೆಯಲ್ಲಿ ನೆಂಟರಿಗೆ ಬಾದಾಮಿ ಹಾಲು, ಬಾದಾಮಿ ಚಾಲುಕ್ಯ. ದೇವರಮನೆಯಲ್ಲಿ ಕೈಲಾಸ, ಎಲ್ಲೋರದ ಕೈಲಾಸನಾಥ ಕೊರೆಸಿದ ರಾಷ್ಟ್ರಕೂಟ. ಅಡುಗೆಮನೆಯಲ್ಲಿ ಕಲ್ಯಾಣದ ಅಡುಗೆ, ಕಲ್ಯಾಣ ಚಾಲುಕ್ಯ. ಹಿತ್ತಲಲ್ಲಿ ಸಳ ಹುಲಿ ಹೊಡೆಯುತ್ತಿದ್ದಾನೆ, ಹೊಯ್ಸಳ. ಒಂದನ್ನು ಬಿಟ್ಟರೆ ಆ ಕೋಣೆ ಖಾಲಿ ಕಾಣುತ್ತೆ, ತಪ್ಪು ಸಿಕ್ಕಿಬೀಳುತ್ತೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಮಾನ್ಯ ಜನರಿಗೆ ಆರು ವಾರ, ದಿನಕ್ಕೆ ಅರ್ಧ ಗಂಟೆ ಇದನ್ನು ಕಲಿಸಿದರು. 72 ಪದಗಳ ಪಟ್ಟಿಯಲ್ಲಿ ಮೊದಲು ಸರಾಸರಿ 26 ನೆನಪಿಡುತ್ತಿದ್ದವರು ಆಮೇಲೆ 62ರ ತನಕ ಹೋದರು.

ಒಂದು ಎಚ್ಚರಿಕೆ. ಬಸ್‌ ಸ್ಟ್ಯಾಂಡಿನಲ್ಲಿ ಸಿಗುವ ಸಾಮಾನ್ಯ ಜ್ಞಾನದ ಪುಸ್ತಕದಿಂದ ನೂರು ಕೋಡ್ ವರ್ಡ್ ಇಳಿಸಿಕೊಂಡರೆ ನೆನಪಿಡಬೇಕಾದ ಸಾಮಾನು ನೂರು ಜಾಸ್ತಿ ಆಗುತ್ತೆ ಅಷ್ಟೇ. ನಾವೇ ಹುಟ್ಟಿಸಿದ ಪದ ಓದಿದ ಪದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಅಂತ 1978ರಲ್ಲೇ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಇನ್ನೊಂದು, ಪುಸ್ತಕ ಮುಚ್ಚಿ ಹೇಳಿಕೊಳ್ಳಬೇಕು. 2006ರ ಒಂದು ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಓದಿ, ಪುಸ್ತಕ ಮುಚ್ಚಿ, ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಮುಂದಿದ್ದರು. ಪರೀಕ್ಷೆ ಐದು ನಿಮಿಷಕ್ಕೆ ಯಾರಿಗೂ ಇರಲ್ಲವಲ್ಲ.

ಒಂದನ್ನು ಈಗಲೇ ಮಾಡೋಣ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನ, ಕ್ರಮವಾಗಿ: ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ್ 1990, ಅನಂತಮೂರ್ತಿ 1994, ಕಾರ್ನಾಡ್ 1998, ಕಂಬಾರ 2010ನೇ ಸಾಲಿಗೆ. ಮೊದಲ ಅಕ್ಷರಗಳು ಕು, ಬೇ, ಕಾ, ಮಾ, ಗೋ, ಅ, ಕಾ, ಕಂ. ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಒಂದು ವಾಕ್ಯ ಎದ್ದು ಬರುತ್ತದೆ: ಕುಬೇರ ಕಾಮಾಕ್ಷಿಯನ್ನು ಗೋಅದ ಕಾರಲ್ಲಿ ಕಂಡ. ಗೋವಾವನ್ನು ‘ಗೋಅ’ ಮಾಡಿದ್ದಕ್ಕೆ ಗೋವಾದವರು ಕ್ಷಮಿಸಲಿ. ಇಲ್ಲೂ ಎರಡು ‘ಕಾ’ ಇವೆ, ಹಳೆಯ ಹಹದ ಕಾಟ. ಆದರೆ ಈ ಸಲ ಕಾವಲು ಇಟ್ಟಿದ್ದೇನೆ. ಎರಡನೆಯ ಕಾ ಇರುವುದು ಕಾರಿನಲ್ಲಿ. ಕಾರಿನಲ್ಲಿ ಕೂರುವವರು ಕಾರ್ನಾಡ್. ಕಾಮಾಕ್ಷಿಗೆ ಕಾರಂತರೇ ಗತಿ.

ಗ್ರಹಗಳ ಪಟ್ಟಿಯಿಂದ 2006ರಲ್ಲಿ ಪ್ಲೂಟೊ ಬಿದ್ದುಹೋದಾಗ ಪ್ರಪಂಚದ ಎಷ್ಟೋ ಭಾಷೆಯ ಸೂತ್ರಗಳ ಬಾಲ ಕತ್ತರಿಸಿತು. 2021ರಲ್ಲಿ ವಿಜಯನಗರ ಜಿಲ್ಲೆ ಬಂದಾಗ ನಮ್ಮ ಜಿಲ್ಲೆಗಳ ಕೋಡ್ ವರ್ಡಿಗೂ ಒಂದು ಅಕ್ಷರ ಅಂಟಿಸಬೇಕಾಯಿತು. ಕುಬೇರನ ವಾಕ್ಯಕ್ಕೂ ಆ ದಿನ ಬಂದೇ ಬರುತ್ತದೆ. ಒಂಬತ್ತನೆಯವರು ಯಾರು ಅಂತ ಗೊತ್ತಾದ ಸಂಜೆ ‘ಕಂಡ’ ಆದ ಮೇಲೆ ಇನ್ನೊಂದು ಪದ ಹುಡುಕಬೇಕು. ಅವರ ಹೆಸರು ಮಾತ್ರ ಮತ್ತೆ ‘ಕಾ’ದಿಂದ ಶುರುವಾಗದಿರಲಿ.